ಶೆಲ್ಟರ್ ಬೆಕ್ಕಿಗೆ ಮನೆ ಹುಡುಕುವ ಜಾಹೀರಾತು: ಬರೆಯುವ ಕ್ರಮ, ತಪ್ಪುವ ಜಾಗಗಳು

‘ಮುದ್ದಾದ ಬೆಕ್ಕಿನ ಮರಿಗಳು, ದತ್ತು ಬೇಕಾದವರು ಸಂಪರ್ಕಿಸಿ.’ ಜೊತೆಗೆ ಪಂಜರದ ಕಂಬಿ ಹಿಂದೆ ಮುದುಡಿ ಕೂತ ನಾಲ್ಕು ಮರಿಗಳ ಮಸುಕು ಫೋಟೋ. ಶೆಲ್ಟರ್‌ಗಳ, ಅಂದರೆ ಅನಾಥ ಪ್ರಾಣಿಗಳ ಆಶ್ರಯತಾಣಗಳ, ಇಂಥ ಜಾಹೀರಾತುಗಳು ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಓಡಾಡುತ್ತವೆ. ನೋಡಿದವರು ಹೃದಯದ ಗುರುತು ಒತ್ತಿ ಮುಂದೆ ಹೋಗುತ್ತಾರೆ, ಫೋನ್ ಬರುವುದಿಲ್ಲ. ಬಂದರೂ ‘ಓನರ್ ಒಪ್ಪಲಿಲ್ಲ’ ಎಂದು ಹದಿನೈದು ದಿನಕ್ಕೆ ಬೆಕ್ಕು ಬುಟ್ಟಿಯಲ್ಲಿ ವಾಪಸ್ ಬರುತ್ತದೆ.

ಹೀಗಾಗುವುದಕ್ಕೆ ಮುಖ್ಯ ಕಾರಣ ಕೆಲಸದ ಕ್ರಮ ತಲೆಕೆಳಗಾಗಿರುವುದು. ಎಲ್ಲರೂ ಮೊದಲು ಬರೆಯಲು ಕೂರುತ್ತಾರೆ. ಬರೆಯುವುದು ಕೊನೆಯ ಅರ್ಧ ಗಂಟೆಯ ಕೆಲಸ. ಅದಕ್ಕೂ ಮೊದಲು ಬೆಕ್ಕಿನ ಆರೋಗ್ಯ ನೋಡಿ, ಒಂದು ವಾರ ಅದರ ನಡವಳಿಕೆ ಗಮನಿಸಿ, ಫೋಟೋ ತೆಗೆದಿರಬೇಕು. ಜಾಹೀರಾತು ಎರಡು ಕೆಲಸ ಮಾಡಬೇಕು: ಆ ಬೆಕ್ಕಿಗೆ ಸರಿಹೋಗುವ ಮನೆಯವರಿಗೆ ‘ಇದು ನಮ್ಮದು’ ಅನ್ನಿಸಬೇಕು, ಸರಿಹೋಗದವರು ಓದಿ ತಾವಾಗಿಯೇ ಬಿಟ್ಟುಬಿಡಬೇಕು. ಎರಡನೆಯದನ್ನು ಮರೆತ ಜಾಹೀರಾತುಗಳೇ ಬೆಕ್ಕನ್ನು ವಾಪಸ್ ತರುತ್ತವೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪ್ರತಿ ಬೆಕ್ಕಿಗೂ ನೋಟ್‌ಬುಕ್ಕಿನಲ್ಲಿ ಎರಡು ಪುಟ, ಲಸಿಕೆ ಕಾರ್ಡು, ಬೇರೆ ಬೇರೆ ಬಣ್ಣದ ಎರಡು ಒಗೆದ ಬೆಡ್‌ಶೀಟು, ಕೋಲಿಗೆ ದಾರದಲ್ಲಿ ಕಟ್ಟಿದ ಗರಿ, ಹತ್ತಿ, ಸಾಧಾರಣ ಕ್ಯಾಮೆರಾ ಇರುವ ಫೋನು. ಇವುಗಳ ಜೊತೆ ಜಾಹೀರಾತಿಗೆಂದೇ ಪ್ರತ್ಯೇಕ ಸಿಮ್ ಇರಲಿ. ಒಮ್ಮೆ ಫಾರ್ವರ್ಡ್ ಆದ ನಂಬರು ವರ್ಷಗಟ್ಟಲೆ ಸುತ್ತುತ್ತದೆ. ಸ್ವಯಂಸೇವಕಿಯರು ತಮ್ಮ ಸ್ವಂತ ನಂಬರ್ ಹಾಕಿ ರಾತ್ರಿ ಹೊತ್ತು ಬೇಡದ ಕರೆಗಳಿಂದ ಹೈರಾಣಾಗುವುದು ಬೇಡ.

ಹಂತ 1: ಬೆಕ್ಕು ಮನೆಗೆ ಹೋಗಲು ಸಿದ್ಧವಿದೆಯೇ?

ಶೆಲ್ಟರಿಗೆ ಬಂದ ದಿನವೇ ಜಾಹೀರಾತು ಹಾಕಬೇಡಿ. ಹೊಸ ಬೆಕ್ಕನ್ನು 14 ದಿನ ಬೇರೆ ಕೋಣೆಯಲ್ಲಿ ಇರಿಸಿ ನೋಡಿ. ಪ್ಯಾನ್‌ಲ್ಯೂಕೋಪೀನಿಯಾದಂಥ (ಬೆಕ್ಕುಗಳ, ಅದರಲ್ಲೂ ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ) ಸೋಂಕು ಒಳಗಿದ್ದರೆ ಸಾಮಾನ್ಯವಾಗಿ ಆ ಅವಧಿಯಲ್ಲಿ ಹೊರಬೀಳುತ್ತದೆ. ಮೂರನೇ ದಿನಕ್ಕೇ ಕೊಟ್ಟು, ಹೊಸ ಮನೆಯಲ್ಲಿ ವಾಂತಿ ಭೇದಿ ಶುರುವಾಗಿ ಮರಿ ಸತ್ತರೆ ಆ ಮನೆಯವರು ಮತ್ತೆಂದೂ ಶೆಲ್ಟರ್ ಕಡೆ ತಲೆ ಹಾಕುವುದಿಲ್ಲ.

ಮರಿಗೆ ಕನಿಷ್ಠ 8 ವಾರ ತುಂಬಿರಬೇಕು, 10 ಆದರೆ ಇನ್ನೂ ಒಳ್ಳೆಯದು. ಚೆನ್ನಾಗಿ ತಿಂದ ಮರಿ ಮೊದಲ ನಾಲ್ಕೈದು ತಿಂಗಳು ತಿಂಗಳಿಗೆ ಸುಮಾರು 450 ಗ್ರಾಂನಂತೆ ಬೆಳೆಯುತ್ತದೆ. ಹಾಗಾಗಿ ಎರಡು ತಿಂಗಳ ಮರಿ 900 ಗ್ರಾಂ ಆಸುಪಾಸು ತೂಗುತ್ತದೆ. ಬೀದಿಯಿಂದ ಬಂದ ಮರಿಗಳು ಇದಕ್ಕಿಂತ ಸಣಕಲಾಗಿರುವುದೇ ಹೆಚ್ಚು. ಆದ್ದರಿಂದ ತೂಕವೊಂದನ್ನೇ ನಂಬದೆ ಹಲ್ಲು ನೋಡಿ. 8 ವಾರಕ್ಕೆ ಹಾಲುಹಲ್ಲು ಎಲ್ಲ ಬಂದಿರುತ್ತವೆ. ಬಾಯಿಯ ಮುಂಭಾಗದ ಪುಟ್ಟ ಹಲ್ಲುಗಳು ಬದಲಾಗಲು ಶುರುವಾಗುವುದು ಮೂರೂವರೆ–ನಾಲ್ಕು ತಿಂಗಳಿಗೆ, ಕೋರೆಹಲ್ಲು 5–6 ತಿಂಗಳಿಗೆ.

ಗಂಡೋ ಹೆಣ್ಣೋ ಎಂಬುದರಲ್ಲಿ ಆಗುವ ತಪ್ಪು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಬಾಲ ಎತ್ತಿ ನೋಡಿ: ಎರಡು ದ್ವಾರಗಳ ನಡುವೆ ಅಂತರ ಹೆಚ್ಚಿದ್ದು ಕೆಳಗಿನದು ದುಂಡು ಚುಕ್ಕಿಯಂತಿದ್ದರೆ ಗಂಡು, ಎರಡೂ ಹತ್ತಿರವಿದ್ದು ಕೆಳಗಿನದು ಸಣ್ಣ ಗೀಟಿನಂತಿದ್ದರೆ ಹೆಣ್ಣು. ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣವಿದ್ದರೆ ಬಹುಮಟ್ಟಿಗೆ ಹೆಣ್ಣೇ. ಕೇಸರಿ ಬೆಕ್ಕುಗಳಲ್ಲಿ ಗಂಡು ಹೆಚ್ಚು, ಆದರೆ ಎಲ್ಲವೂ ಅಲ್ಲ. ಅನುಮಾನವಿದ್ದರೆ ಪಶುವೈದ್ಯರಿಗೆ ತೋರಿಸಿ ಬರೆಯಿರಿ. ‘ಗಂಡು’ ಎಂದು ಕೊಟ್ಟದ್ದು ಆರು ತಿಂಗಳಿಗೆ ಮರಿ ಹಾಕಿದರೆ ಆ ಮರಿಗಳೂ ನಿಮ್ಮ ಬಾಗಿಲಿಗೇ ಬರುತ್ತವೆ.

ಲಸಿಕೆಯ ಲೆಕ್ಕ ಕಾರ್ಡಿನಲ್ಲಿರುವಂತೆಯೇ ಜಾಹೀರಾತಿನಲ್ಲಿರಲಿ. ಸಾಮಾನ್ಯವಾಗಿ 8 ವಾರಕ್ಕೆ ತ್ರಿವಳಿ ಲಸಿಕೆಯ (ಪ್ಯಾನ್‌ಲ್ಯೂಕೋಪೀನಿಯಾ ಸೇರಿ ಮೂರು ವೈರಸ್ ಕಾಯಿಲೆಗಳಿಗೆ ಒಂದೇ ಚುಚ್ಚುಮದ್ದು) ಮೊದಲ ಡೋಸ್, ಆಮೇಲೆ 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ, 12 ವಾರದ ನಂತರ ರೇಬಿಸ್. ‘ಲಸಿಕೆ ಆಗಿದೆ’ ಎಂಬ ಎರಡು ಪದ ಯಾರಿಗೂ ಏನೂ ಹೇಳುವುದಿಲ್ಲ. ‘ತ್ರಿವಳಿ 2 ಡೋಸ್ ಆಗಿದೆ, ಮೂರನೆಯದು ಇದೇ 20ಕ್ಕೆ, ರೇಬಿಸ್ ಬಾಕಿ’ ಎಂದು ಬರೆದರೆ ಮುಂದಿನ ಖರ್ಚು ಯಾರದೆಂಬ ಜಗಳ ಹುಟ್ಟುವುದಿಲ್ಲ.

ಹಂತ 2: ಒಂದು ವಾರ ನೋಡಿ, ಬರೆದಿಡಿ

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದೇ. ಫೋಟೋ ಚೆನ್ನಾಗಿದ್ದೂ ಸರಿಯಾದ ಮನೆ ಸಿಗದ ಜಾಹೀರಾತುಗಳಲ್ಲಿ ಇದರ ಕೊರತೆ ಎದ್ದು ಕಾಣುತ್ತದೆ.

‘ತುಂಬಾ ಪ್ರೀತಿಯ ಬೆಕ್ಕು’, ‘ಬಹಳ ತುಂಟ’, ‘ಶಾಂತ ಸ್ವಭಾವ’ ಇವೆಲ್ಲ ಯಾವ ಬೆಕ್ಕಿಗೂ ಹೊಂದುತ್ತವೆ. ಓದುಗರ ಕಣ್ಣಿಗೆ ಯಾವ ಚಿತ್ರವೂ ಬರುವುದಿಲ್ಲ. ಅದರ ಬದಲು ಬೆಕ್ಕು ಏನು ಮಾಡಿತು ಎಂದು ಬರೆದಿಡಿ. ಏಳು ದಿನ, ಬೆಳಿಗ್ಗೆ ಸಂಜೆ ಎರಡೆರಡು ಸಾಲು ಸಾಕು. ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ:

- ಅಪರಿಚಿತರು ಒಳಗೆ ಬಂದರೆ ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ? ಬರುವುದೇ ಇಲ್ಲವೇ?
- ಎತ್ತಿಕೊಂಡರೆ ಸುಮ್ಮನಿರುತ್ತದೆಯೇ, ಒದ್ದಾಡುತ್ತದೆಯೇ? ಎತ್ತದೆ ಪಕ್ಕದಲ್ಲಿ ಕೂತರೆ?
- ಕುಕ್ಕರ್ ಸೀಟಿ, ಮಿಕ್ಸಿ, ಕರೆಗಂಟೆಯ ಸದ್ದಿಗೆ ಏನು ಮಾಡುತ್ತದೆ?
- ಲಿಟರ್ ಬಾಕ್ಸ್ (ಮಲಮೂತ್ರಕ್ಕೆಂದು ಮರಳಿನಂಥ ಲಿಟರ್ ತುಂಬಿಟ್ಟ ಡಬ್ಬ) ತಪ್ಪದೆ ಬಳಸುತ್ತದೆಯೇ? ಯಾವ ಲಿಟರ್?
- ಏನು ತಿನ್ನುತ್ತದೆ, ದಿನಕ್ಕೆ ಎಷ್ಟು ಸಲ?
- ಬೇರೆ ಬೆಕ್ಕು, ನಾಯಿ, ಮಕ್ಕಳ ಜೊತೆ ಹೇಗೆ? ನೋಡಿಲ್ಲವಾದರೆ ‘ನೋಡಿಲ್ಲ’ ಎಂದೇ ಬರೆಯಿರಿ.

ಕೊನೆಯದರ ಬಗ್ಗೆ ಒಂದು ಮಾತು. ‘ನಾಯಿಗಳ ಜೊತೆ ಹೊಂದಿಕೊಳ್ಳುತ್ತದೆ’ ಎಂದು ಊಹಿಸಿ ಬರೆದ ಒಂದೇ ಸಾಲಿನಿಂದ ಬೆಕ್ಕು ಜೀವ ಕಳೆದುಕೊಳ್ಳಬಹುದು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ.

ಎರಡು ಮರಿಗಳು ಯಾವಾಗಲೂ ಒಂದರ ಮೇಲೊಂದು ಮಲಗುತ್ತವೆ, ಬೇರೆ ಮಾಡಿದರೆ ಊಟ ಬಿಡುತ್ತವೆ ಎಂದಾದರೆ ಅವು ಜೋಡಿ. ಒಂದೇ ಜಾಹೀರಾತಿನಲ್ಲಿ ಜೋಡಿಯಾಗಿಯೇ ಹಾಕಿ. ಉಳಿದಂತೆ ಒಂದು ಬೆಕ್ಕಿಗೆ ಒಂದು ಜಾಹೀರಾತು. ಎಂಟು ಮರಿಗಳನ್ನು ಒಂದೇ ಫೋಟೋದಲ್ಲಿ ತುರುಕಿದರೆ ನೋಡುವವರಿಗೆ ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ.

ಹಂತ 3: ಫೋಟೋ

ಬೆಳಿಗ್ಗೆ 8ರಿಂದ 10ರ ನಡುವೆ, ಕಿಟಕಿ ಪಕ್ಕ, ಫ್ಲಾಶ್ ಇಲ್ಲದೆ. ಬೆಕ್ಕಿನ ಕಣ್ಣಿನ ಹಿಂದೆ ಬೆಳಕು ಪ್ರತಿಫಲಿಸುವ ಪದರವಿದೆ. ಫ್ಲಾಶ್ ಬಿದ್ದರೆ ಕಣ್ಣು ಹಸಿರು ದೀಪದಂತೆ ಹೊಳೆದು ಮುಖವೇ ಬದಲಾಗಿಬಿಡುತ್ತದೆ. ಒದ್ದೆ ಹತ್ತಿಯಿಂದ ಕಣ್ಣಿನ ಪಿಚ್ಚು ಒರೆಸಿ, ಫೋನಿನ ಲೆನ್ಸ್ ಕೂಡ ಒರೆಸಿ. ಪಂಜರದಿಂದ ಹೊರಗೆ ತೆಗೆಯಿರಿ. ನೆಲದ ಮೇಲೆ ಬಗ್ಗಿ, ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಫೋನ್ ಇಳಿಸಿ. ನಿಂತು ಮೇಲಿಂದ ತೆಗೆದ ಫೋಟೋದಲ್ಲಿ ದೊಡ್ಡ ತಲೆ, ಸಣ್ಣ ಮೈ ಕಾಣುತ್ತದೆ, ಬೆಕ್ಕು ಹೆದರಿದಂತೆಯೂ ತೋರುತ್ತದೆ. ಒಬ್ಬರು ಲೆನ್ಸಿನ ಪಕ್ಕದಲ್ಲೇ ಗರಿ ಆಡಿಸಲಿ, ಇನ್ನೊಬ್ಬರು ಬಟನ್ ಒತ್ತಿ ಹಿಡಿದು ಒಂದರ ಹಿಂದೆ ಒಂದು ತೆಗೆಯುತ್ತಾ ಹೋಗಲಿ. ನಲವತ್ತು ತೆಗೆದರೆ ಮೂರು ಸಿಕ್ಕಾವು.

ಆ ಮೂರು ಯಾವುವು? ಕಣ್ಣು ಸ್ಪಷ್ಟವಾಗಿ ಕಾಣುವ ಮುಖ. ಮೈ ಪೂರ್ತಿ ಕಾಣುವ, ಪಕ್ಕದಿಂದ ತೆಗೆದದ್ದು. ಮನುಷ್ಯರ ಕೈ ಅಥವಾ ಮಡಿಲು ಇರುವುದು. ಮೂರನೆಯದನ್ನು ಮರೆಯಬೇಡಿ. ಬೆಕ್ಕಿನ ಗಾತ್ರ ತಿಳಿಯುವುದೂ, ಅದು ಮನುಷ್ಯರನ್ನು ನಂಬುತ್ತದೆ ಎಂದು ಗೊತ್ತಾಗುವುದೂ ಅದರಿಂದಲೇ. ಗಾಯದ ಗುರುತು, ಇಲ್ಲದ ಕಣ್ಣು, ಮೊಂಡು ಬಾಲ ಇದ್ದರೆ ನಾಲ್ಕನೆಯ ಫೋಟೋದಲ್ಲಿ ಅದನ್ನೂ ತೋರಿಸಿ. ಜೊತೆಗೆ 15–20 ಸೆಕೆಂಡಿನ ವಿಡಿಯೊ, ಹಿನ್ನೆಲೆ ಸಂಗೀತವಿಲ್ಲದೆ. ಬೆಕ್ಕು ಖುಷಿಯಲ್ಲಿ ಗುರುಗುಟ್ಟುವ ಸದ್ದು ಕೇಳಿಸಲಿ.

ಕಪ್ಪು ಬೆಕ್ಕಿನ ಫೋಟೋಗೆ ಬೇರೆಯೇ ಎಚ್ಚರ ಬೇಕು. ಕಪ್ಪು ಸೋಫಾದ ಮೇಲೆ ಎರಡು ಕಣ್ಣು ಮಾತ್ರ ಉಳಿಯುತ್ತವೆ. ಅಚ್ಚಬಿಳಿ ಹಾಸಿನ ಮೇಲೆ ಕ್ಯಾಮೆರಾ ಬೆಳಕು ತಗ್ಗಿಸಿ ಬೆಕ್ಕನ್ನು ಕಪ್ಪು ಮುದ್ದೆ ಮಾಡುತ್ತದೆ. ಹಳದಿ, ತಿಳಿ ಹಸಿರು ಅಥವಾ ಬೂದು ಬೆಡ್‌ಶೀಟ್ ಹಾಸಿ, ಪರದೆಯ ಮೇಲೆ ಬೆಕ್ಕಿನ ಮುಖಕ್ಕೆ ಬೆರಳೊತ್ತಿ, ಬೆಳಕು ಸ್ವಲ್ಪ ಏರಿಸಿ. ‘ಕಪ್ಪು ಬೆಕ್ಕು ಅಪಶಕುನವಲ್ಲ’ ಎಂದು ಜಾಹೀರಾತಿನಲ್ಲಿ ವಾದ ಹೂಡಬೇಡಿ, ಆ ಮಾತು ಓದುಗರಿಗೆ ಮರೆತಿದ್ದ ಅಪಶಕುನವನ್ನೇ ನೆನಪಿಸುತ್ತದೆ. ಮಡಿಲಲ್ಲಿ ನಿದ್ದೆ ಹೋದ ಕಪ್ಪು ಬೆಕ್ಕಿನ ಒಂದು ಫೋಟೋ ಆ ಕೆಲಸ ಮಾಡುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಒಂದು ಕಡೆ, ಬರಹ ಒಂದು ಕಡೆ ಆಗಿಬಿಡುತ್ತದೆ. ಆದ್ದರಿಂದ ಮೊದಲ ಫೋಟೋದ ಮೇಲೇ ಸಣ್ಣದಾಗಿ ನಾಲ್ಕು ಸಂಗತಿ ಇರಲಿ: ಹೆಸರು, ಬಡಾವಣೆ ಮತ್ತು ‘ಬೆಂಗಳೂರು’, ಜಾಹೀರಾತಿನ ತಿಂಗಳು–ವರ್ಷ, ನಂಬರು. ಶೆಲ್ಟರಿನ ಹೆಸರನ್ನು ಬೆಕ್ಕಿನ ಮೈಮೇಲೆಯೇ ತೆಳುವಾಗಿ ಹಾಕಿ. ಮೂಲೆಯಲ್ಲಿದ್ದರೆ ಕತ್ತರಿಸಿ, ಅದೇ ಫೋಟೋ ತೋರಿಸಿ ‘ಸಾಗಣೆ ಖರ್ಚು’ ಎಂದು ದುಡ್ಡು ಕೀಳುವವರಿದ್ದಾರೆ.

ಹಂತ 4: ಬರಹ

ಮೊದಲ ಸಾಲಿಗೆ ಹೆಚ್ಚು ಸಮಯ ಕೊಡಿ. ಇನ್‌ಸ್ಟಾಗ್ರಾಂನಲ್ಲಿ ‘ಇನ್ನಷ್ಟು’ ಒತ್ತುವ ಮೊದಲು ಒಂದೆರಡು ಸಾಲು ಮಾತ್ರ ಕಾಣುತ್ತದೆ. ಅದರಲ್ಲಿ ಬೆಕ್ಕಿನ ಹೆಸರು, ನಿಮ್ಮ ನೋಟ್‌ಬುಕ್ಕಿನ ಒಂದು ಸಂಗತಿ, ಊರು ಇರಬೇಕು. ‘ತುರ್ತು!! ದಯವಿಟ್ಟು ಸಹಾಯ ಮಾಡಿ’ ಎಂದು ಶುರುಮಾಡಿದರೆ ಬೆಕ್ಕು ಕಾಣುವ ಜಾಗವನ್ನು ನಿಮ್ಮ ಸಂಕಟ ಆಕ್ರಮಿಸುತ್ತದೆ. ‘ಯಾರೂ ತಗೊಳ್ಳದಿದ್ದರೆ ಬೀದಿಗೆ ಬಿಡಬೇಕಾಗುತ್ತದೆ’ ಎಂದು ಹೆದರಿಸಿದರೆ ಕರುಣೆಗೆ ಬಿದ್ದು ಬಂದವರು ಕರುಣೆ ಇಳಿದ ದಿನ ವಾಪಸ್ ತರುತ್ತಾರೆ. ಚರಂಡಿಯಲ್ಲಿ ಸಿಕ್ಕಿದ್ದು, ಕಾರಿನ ಎಂಜಿನ್ನಿನಲ್ಲಿ ಸಿಕ್ಕಿದ್ದು ಇವಕ್ಕೆಲ್ಲ ಒಂದು ಸಾಲು ಸಾಕು, ಅದೂ ಕೊನೆಗೆ.

ವಯಸ್ಸನ್ನು ‘2 ತಿಂಗಳು’ ಎಂದು ಬರೆಯಬೇಡಿ. ಫಾರ್ವರ್ಡ್ ಆದ ಜಾಹೀರಾತಿನಲ್ಲಿ ಮರಿ ಒಂದು ವರ್ಷವಾದರೂ ಎರಡು ತಿಂಗಳಿನದಾಗಿಯೇ ಉಳಿಯುತ್ತದೆ. ‘2025ರ ಜನವರಿ ಸುಮಾರಿಗೆ ಹುಟ್ಟಿದ್ದು’ ಎಂದು ಬರೆದರೆ ಯಾವಾಗ ಓದಿದರೂ ಸರಿ.

ಒಂದು ಮಾದರಿ ಹೀಗಿರಬಹುದು:

> ಕುಕ್ಕರ್ ಕೂಗಿದರೂ ಜಾಗ ಬಿಟ್ಟು ಕದಲದ ಬೆಲ್ಲನಿಗೆ ಮನೆ ಬೇಕು. ಯಲಹಂಕ, ಬೆಂಗಳೂರು.
>
> ಗಂಡು, ಕೇಸರಿ ಪಟ್ಟೆ, ನಮ್ಮ ನಾಟಿ ಬೆಕ್ಕು. 2024ರ ಜೂನ್ ಸುಮಾರಿಗೆ ಹುಟ್ಟಿದ್ದು, ಈಗ 3.8 ಕಿಲೊ. ಸಂತಾನಹರಣ ಆಪರೇಷನ್ ಆಗಿದೆ, ಎಡಗಿವಿಯ ತುದಿ ಕತ್ತರಿಸಿರುವುದು ಅದರ ಗುರುತು. ತ್ರಿವಳಿ ಮತ್ತು ರೇಬಿಸ್ ಲಸಿಕೆ ಆಗಿದೆ, ಕಾರ್ಡು ಕೊಡುತ್ತೇವೆ.
>
> ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತಾನೆ. ಎತ್ತಿಕೊಂಡರೆ ಇಳಿದು ಹೋಗುತ್ತಾನೆ, ಕೂತವರ ಪಕ್ಕ ತಾನಾಗಿಯೇ ಬಂದು ಒರಗುತ್ತಾನೆ. ಲಿಟರ್ ಬಾಕ್ಸ್ ತಪ್ಪಿಸಿಲ್ಲ. ಬೇರೆ ಗಂಡು ಬೆಕ್ಕಿನ ಮೇಲೆ ಬೀಳುತ್ತಾನೆ, ಹಾಗಾಗಿ ಒಂಟಿ ಬೆಕ್ಕಾಗಿ ಇರುವ ಮನೆ ಒಳ್ಳೆಯದು. ನಾಯಿಗಳ ಜೊತೆ ಬಿಟ್ಟು ನೋಡಿಲ್ಲ.
>
> ಡ್ರೈ ಫುಡ್ ಮತ್ತು ಬೇಯಿಸಿದ ಕೋಳಿ ತಿನ್ನುತ್ತಾನೆ. ಕಿಟಕಿ, ಬಾಲ್ಕನಿಗೆ ಸ್ಟೀಲ್ ಜಾಲರಿ ಇರಬೇಕು. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬೇಕು. ಮುಂಗಡ ಹಣ ಕೇಳುವುದಿಲ್ಲ.
>
> ಬಂದು ನೋಡಲು: ಭಾನುವಾರ 10ರಿಂದ 1. ವಾಟ್ಸ್‌ಆ್ಯಪ್ ಮಾಡುವಾಗ ನಿಮ್ಮ ಬಡಾವಣೆ, ಮನೆಯಲ್ಲಿ ಎಷ್ಟು ಜನ ಎಂದು ತಿಳಿಸಿ.

‘ಬೆಳಿಗ್ಗೆ ಐದೂವರೆಗೆ ಎಬ್ಬಿಸುತ್ತಾನೆ’ ಎಂಬುದನ್ನು ಮುಚ್ಚಿಡಬೇಕಿಲ್ಲ. ನೈಟ್ ಶಿಫ್ಟ್ ಮಾಡುವವರು ಅಲ್ಲೇ ನಿಲ್ಲುತ್ತಾರೆ. ಬೇಗ ಏಳುವ ಹಿರಿಯರಿರುವ ಮನೆಗೆ ಅದೇ ಇಷ್ಟವಾಗುತ್ತದೆ.

ಬೆಂಗಳೂರಿನಲ್ಲಿ ಎರಡು ವಿಷಯ ಬಿಡಿಸಿ ಹೇಳಲೇಬೇಕು. ಒಂದು ಊಟ. ‘ಹಾಲು ಅನ್ನ ಹಾಕಿದರೆ ಆಯ್ತಲ್ಲ’ ಎಂದು ನಂಬಿದ ಮನೆಗಳು ಬಹಳ. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಬರಬೇಕು, ಅದು ಮಾಂಸದಲ್ಲಿದೆ. ಅದಿಲ್ಲದೆ ಕಾಲಾಂತರದಲ್ಲಿ ಕಣ್ಣಿನ ಪಾಪೆ ಹಿಂದಿನ ಪದರ ಹಾಳಾಗಿ ಕುರುಡಾಗಬಹುದು, ಹೃದಯದ ಸ್ನಾಯು ಸೊರಗಬಹುದು. ಹಾಗೆಂದು ಸಸ್ಯಾಹಾರಿ ಮನೆಗಳನ್ನು ದೂರ ಇಡಬೇಡಿ. ‘ಮನೆಯಲ್ಲಿ ಮಾಂಸ ಬೇಯಿಸಬೇಕಿಲ್ಲ, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಡ್ರೈ ಫುಡ್ ಸಾಕು. ಬರೀ ಮೊಸರನ್ನ, ಹಾಲು ಅನ್ನದಲ್ಲಿ ಬೆಕ್ಕು ಬದುಕದು’ ಎಂದು ಬರೆಯಿರಿ. ಒಪ್ಪುವವರು ಬರುತ್ತಾರೆ.

ಇನ್ನೊಂದು ಬಾಲ್ಕನಿ. ‘ನೆಟ್ ಹಾಕಿಸಿದ್ದೇವೆ’ ಎನ್ನುವವರಲ್ಲಿ ಬಹಳಷ್ಟು ಜನ ಪಾರಿವಾಳಕ್ಕೆ ಕಟ್ಟಿದ ನೈಲಾನ್ ಬಲೆಯ ಬಗ್ಗೆ ಹೇಳುತ್ತಿರುತ್ತಾರೆ. ಅದನ್ನು ಬೆಕ್ಕು ಕಚ್ಚಿ ಹರಿಯುತ್ತದೆ. ಇನ್ವಿಸಿಬಲ್ ಗ್ರಿಲ್ಲಿನ ತಂತಿಗಳ ನಡುವೆ ಮರಿ ನುಸುಳುತ್ತದೆ. ಹಾಗಾಗಿ ‘ಸ್ಟೀಲ್ ಜಾಲರಿ’ ಎಂದೇ ಬರೆದು, ಹಾಕಿಸುವವರೆಗೆ ಬೆಕ್ಕನ್ನು ಕಾಯ್ದಿರಿಸುತ್ತೇವೆ ಎಂದೂ ಸೇರಿಸಿ.

ಕಾಯಿಲೆ, ಊನ ಇದ್ದರೆ ಮೂರು ಭಾಗವಾಗಿ ಬರೆಯಿರಿ: ಏನಾಗಿದೆ, ದಿನಕ್ಕೆ ಏನು ಮಾಡಬೇಕು, ಏನು ಮಾಡಬೇಕಿಲ್ಲ. ‘ಬಲಗಣ್ಣು ಇಲ್ಲ. ಗಾಯ ಪೂರ್ತಿ ವಾಸಿಯಾಗಿದೆ, ಔಷಧಿಯಿಲ್ಲ. ಎತ್ತರಕ್ಕೆ ಹಾರುವಾಗ ಒಮ್ಮೊಮ್ಮೆ ಅಂದಾಜು ತಪ್ಪುತ್ತದೆ.’ ರಕ್ತಪರೀಕ್ಷೆಯಲ್ಲಿ ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಅಥವಾ ಎಫ್‌ಇಎಲ್‌ವಿ (ಬೆಕ್ಕುಗಳ ಲ್ಯುಕೇಮಿಯಾ ವೈರಸ್) ಬಂದಿದ್ದರೆ ಎರಡನ್ನೂ ಒಂದೇ ಎಂಬಂತೆ ಬರೆಯಬೇಡಿ. ಎಫ್‌ಐವಿ ಹೆಚ್ಚಾಗಿ ಆಳವಾದ ಕಡಿತದಿಂದ ಹರಡುತ್ತದೆ, ಅದಿರುವ ಬೆಕ್ಕು ವರ್ಷಗಟ್ಟಲೆ ಚೆನ್ನಾಗಿ ಬದುಕಬಹುದು. ಎಫ್‌ಇಎಲ್‌ವಿ ಜೊಲ್ಲಿನಿಂದ, ಹಂಚಿ ತಿನ್ನುವ ತಟ್ಟೆಯಿಂದಲೂ ಹರಡುತ್ತದೆ, ಆಯಸ್ಸನ್ನೂ ಕಡಿಮೆ ಮಾಡುತ್ತದೆ. ಅಂಥ ಬೆಕ್ಕು ಬೇರೆ ಆರೋಗ್ಯವಂತ ಬೆಕ್ಕುಗಳಿರುವ ಮನೆಗೆ ಹೋಗಬಾರದು. ಎರಡೂ ಮನುಷ್ಯರಿಗೆ ಅಂಟುವುದಿಲ್ಲ, ಅದನ್ನು ಖಂಡಿತ ಬರೆಯಿರಿ.

ಷರತ್ತುಗಳು ಮೂರು ನಾಲ್ಕನ್ನು ಮೀರದಿರಲಿ. ಹದಿನೈದು ‘ಕೂಡದು’ ಓದಿದ ಒಳ್ಳೆಯವರು ತಮ್ಮನ್ನು ಕಳ್ಳರಂತೆ ನೋಡುತ್ತಿದ್ದಾರೆಂದು ಸುಮ್ಮನಾಗುತ್ತಾರೆ. ಉಳಿದದ್ದನ್ನು ಮಾತಿನಲ್ಲಿ ಕೇಳಿ.

ಹಂತ 5: ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿನಲ್ಲಿ ಬೇರೆಯಾಗಿ ಬರೆಯಿರಿ

ಇನ್‌ಸ್ಟಾಗ್ರಾಂನಲ್ಲಿ ಬೆಕ್ಕನ್ನು ನೋಡುವುದು ಮಗಳು. ಮನೆಗೆ ಬರಲಿ ಅನ್ನಬೇಕಾದವರು ಅಮ್ಮ, ಅಜ್ಜಿ, ಕೆಳಗಿನ ಮನೆಯ ಓನರ್. ಅವರಿಗೆ ಫಾರ್ವರ್ಡ್ ಮಾಡಲು ಆ ಹುಡುಗಿಯ ಕೈಯಲ್ಲಿ ಕನ್ನಡದ ಜಾಹೀರಾತು ಇರಬೇಕು. ಕೂದಲು ಉದುರುತ್ತದೆಯೇ, ವಾಸನೆ ಬರುತ್ತದೆಯೇ, ಅಡುಗೆ ಕಟ್ಟೆ ಹತ್ತುತ್ತದೆಯೇ, ಊರಿಗೆ ಹೋದಾಗ ಏನು ಮಾಡುವುದು ಎಂಬ ಅಮ್ಮನ ಪ್ರಶ್ನೆಗಳಿಗೆ ಕನ್ನಡ ಬರಹದಲ್ಲಿ ಎರಡು ಸಾಲು ಹೆಚ್ಚು ಕೊಡಿ. ಯಂತ್ರದಿಂದ ಅನುವಾದಿಸಿ ಅಂಟಿಸಿದರೆ ಓದಿದ ಕೂಡಲೇ ಗೊತ್ತಾಗುತ್ತದೆ. ಎರಡೂ ಭಾಷೆಯನ್ನು ಒಂದೇ ಪೋಸ್ಟಿನಲ್ಲಿ ಬೆರೆಸಬೇಡಿ. ಪಶುವೈದ್ಯರ ಕ್ಲಿನಿಕ್, ಸಾಕುಪ್ರಾಣಿ ಆಹಾರದ ಅಂಗಡಿ, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಎ4 ಹಾಳೆಯಲ್ಲಿ ಒಂದು ದೊಡ್ಡ ಫೋಟೋ, ಐದು ಸಾಲು ಸಾಕು.

ಹಂತ 6: ಹಾಕಿದ ಮೇಲೆ ಬರುವ ಕರೆಗಳು

ಶುಕ್ರವಾರ ಸಂಜೆ ಹಾಕಿದರೆ ಭಾನುವಾರ ಮನೆಯವರೆಲ್ಲ ಸೇರಿ ಬರಬಹುದು. ಬಂದ ಸಂದೇಶಕ್ಕೆ ಅಂದೇ ಉತ್ತರಿಸಿ. ಎರಡು ದಿನ ಬಿಟ್ಟರೆ ಅವರು ಯಾವುದೋ ಅಂಗಡಿಯಿಂದ ಪರ್ಷಿಯನ್ ಮರಿ ತಂದಿರುತ್ತಾರೆ. ದೀಪಾವಳಿ ವಾರದಲ್ಲಿ ಮಾತ್ರ ಬೆಕ್ಕನ್ನು ಕಳಿಸಬೇಡಿ. ಹೊಸ ಮನೆ, ಪಟಾಕಿ ಎರಡೂ ಒಟ್ಟಿಗೆ ಬಿದ್ದರೆ ಬಾಗಿಲು ತೆರೆದ ಕ್ಷಣ ಓಡಿಹೋಗುತ್ತದೆ.

ಕೇಳಬೇಕಾದ ಪ್ರಶ್ನೆ ಕೆಲವೇ. ಮನೆಯ ಎಲ್ಲರಿಗೂ ಗೊತ್ತೇ? ಓನರ್ ಒಪ್ಪಿದ್ದನ್ನು ಮೆಸೇಜಿನಲ್ಲಿ ತೋರಿಸಬಹುದೇ? ಕಿಟಕಿ, ಬಾಲ್ಕನಿಯ ವಿಡಿಯೊ ಕಳಿಸುವಿರಾ? ದಸರಾ ರಜೆಗೆ ಊರಿಗೆ ಹೋದರೆ ಯಾರು ನೋಡುತ್ತಾರೆ? ಹಿಂದೆ ಸಾಕಿದ್ದ ಬೆಕ್ಕು ಏನಾಯಿತು? ಕೊನೆಯದನ್ನು ಮೃದುವಾಗಿ ಕೇಳಿ, ಆದರೆ ಬಿಡದೆ ಕೇಳಿ. ಹಿಂದಿನ ಮರಿ ವಾಂತಿ ಭೇದಿಯಿಂದ ಸತ್ತಿದ್ದರೆ ಅದು ಪ್ಯಾನ್‌ಲ್ಯೂಕೋಪೀನಿಯಾ ಆಗಿರಬಹುದು. ಆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಅಲ್ಲಿಗೆ ಮರಿ ಬೇಡ, ಲಸಿಕೆ ಪೂರ್ತಿಯಾದ ದೊಡ್ಡ ಬೆಕ್ಕನ್ನು ತೋರಿಸಿ.

ಈ ಮಾತುಗಳು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿ:

- ‘ಯಾವುದಾದರೂ ಪರವಾಗಿಲ್ಲ, ನಾಳೆ ಹುಟ್ಟುಹಬ್ಬಕ್ಕೆ ಗಿಫ್ಟ್ ಕೊಡಬೇಕು.’
- ‘ನಾವು ಬರಲ್ಲ, ಡ್ರೈವರ್ ಕಳಿಸ್ತೀವಿ.’
- ‘ಪೂರ್ತಿ ಕಪ್ಪಗಿರಬೇಕು, ಒಂದೂ ಬಿಳಿ ಕೂದಲಿರಬಾರದು.’ ಅಮಾವಾಸ್ಯೆ, ಗ್ರಹಣದ ಹಿಂದುಮುಂದು ಇದನ್ನು ಕೇಳಿದರೆ ಇನ್ನೂ ಎಚ್ಚರ.
- ‘ಆಪರೇಷನ್ ಆಗದ ಹೆಣ್ಣೇ ಬೇಕು.’
- ‘ಗೋಡೌನ್‌ನಲ್ಲಿ ಇಲಿ ಜಾಸ್ತಿ, ಊಟದ ಖರ್ಚೂ ಇರಲ್ಲ.’
- ಮನೆಯ ವಿಡಿಯೊ ಕೇಳಿದ ಕೂಡಲೇ ಸಿಟ್ಟು.

ಹಂತ 7: ಕರೆ ಬರದಿದ್ದರೆ, ಮನೆ ಸಿಕ್ಕರೆ

ಹತ್ತು ದಿನವಾದರೂ ಕರೆ ಬರದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ತಪ್ಪು ಎಲ್ಲಿತ್ತೆಂದು ತಿಳಿಯುವುದಿಲ್ಲ. ಮೊದಲು ಮೊದಲ ಫೋಟೋ ಬದಲಿಸಿ. ಇನ್ನೊಂದು ವಾರ ನೋಡಿ ಮೊದಲ ಸಾಲು. ಕರೆಗಳು ಬಂದು, ಬೆಕ್ಕನ್ನು ನೋಡಿ ಹಿಂದೆ ಸರಿಯುತ್ತಿದ್ದರೆ ತೊಂದರೆ ಬರಹದಲ್ಲಿದೆ: ಕಾಗದದ ಬೆಕ್ಕಿಗೂ ಕಣ್ಣೆದುರಿನ ಬೆಕ್ಕಿಗೂ ಹೊಂದುತ್ತಿಲ್ಲ. ನಾಚಿಕೆಯ ಬೆಕ್ಕಿನ ವಿಷಯದಲ್ಲಿ ಹೀಗಾಗುವುದು ಹೆಚ್ಚು. ‘ಮೊದಲ ಭೇಟಿಯಲ್ಲಿ ಮಂಚದಡಿಯಿಂದ ಹೊರಗೆ ಬರುವುದಿಲ್ಲ, ಎರಡು ಮೂರು ವಾರ ಹಿಡಿಯುತ್ತದೆ’ ಎಂದು ಮೊದಲೇ ಬರೆದಿದ್ದರೆ ಬಂದವರು ನಿರಾಸೆಪಡದೆ ನೆಲದ ಮೇಲೆ ಕೂತು ಕಾಯುತ್ತಾರೆ.

ಬೆಕ್ಕನ್ನು ಕೊಟ್ಟ ದಿನ ಪೋಸ್ಟ್ ಅಳಿಸಬೇಡಿ, ತಿದ್ದಿ. ಮೊದಲ ಸಾಲಿಗೇ ‘ಮನೆ ಸಿಕ್ಕಿದೆ’ ಎಂದು ದಿನಾಂಕದ ಜೊತೆ ಹಾಕಿ. ಅದೇ ಫೋಟೋದ ಮೇಲೆ ಅಡ್ಡಲಾಗಿ ಅದೇ ಮಾತು ಬರೆದು ನೀವು ಕಳಿಸಿದ್ದ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಮತ್ತೆ ಕಳಿಸಿ. ಕ್ಲಿನಿಕ್, ಅಂಗಡಿಗಳ ಗೋಡೆಯ ಹಾಳೆ ಇಳಿಸಿ. ಆ ಬೆಕ್ಕಿಗಾಗಿ ಇನ್ನೂ ಕರೆ ಮಾಡುವವರ ಹೆಸರು, ಬಡಾವಣೆ, ಎಂಥ ಬೆಕ್ಕು ಬೇಕೆಂದಿದ್ದರು ಎಂಬುದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಮುಂದಿನ ಬೆಕ್ಕಿನ ಜಾಹೀರಾತನ್ನು ಗುಂಪುಗಳಿಗಿಂತ ಮೊದಲು ಅವರಿಗೆ ಕಳಿಸಿ.